ತಪಾಸಣೆ ಇರಲಿ, ಆದೇಶದ ಸಂಖ್ಯೆ ಎಲ್ಲಿ?

ವಿಮಾನ ನಿಲ್ದಾಣದಲ್ಲಿ ನಮ್ಮನ್ನು ತಪಾಸಣೆ ಮಾಡಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ನಾವು ಎತ್ತುತ್ತಿಲ್ಲ. ಮಾಡಲೇಬೇಕು. ನಮ್ಮ ತಕರಾರು ಬೇರೆ. ಯಾವ ನಿಯಮದ ಪ್ರಕಾರ ಮಾಡುತ್ತೀರಿ, ಆ ನಿಯಮ ಎಲ್ಲಿ ಬರೆದಿದೆ, ಅದರ ಮಿತಿ ಎಷ್ಟು, ಮಿತಿ ಮೀರಿದರೆ ನಾವು ಯಾರನ್ನು ಕೇಳಬೇಕು? ಈ ನಾಲ್ಕು ಪ್ರಶ್ನೆಗಳಿಗೆ ಸಾಲಿನಲ್ಲಿ ನಿಂತ ಪ್ರಯಾಣಿಕನಿಗೆ ಉತ್ತರ ಸಿಗುವುದಿಲ್ಲ. ಟಿಕೆಟ್ಟಿಗೆ ಹಣ ಕೊಟ್ಟು, ಗುರುತಿನ ಚೀಟಿ ತೋರಿಸಿ, ಕೈ ಎರಡನ್ನೂ ಚಾಚಿ ನಿಂತ ಮೇಲೂ ಅವನು ತಾನು ಈ ದೇಶದ ನಾಗರಿಕನೋ ಅಥವಾ ಆಪಾದಿತನೋ ಎಂದು ತನ್ನನ್ನೇ ಕೇಳಿಕೊಳ್ಳಬೇಕಾಗಿದೆ.

ಇದು ಉಳ್ಳವರ ಗೋಳು, ನಮಗೇಕೆ ಎಂದು ಓದುಗರಲ್ಲಿ ಕೆಲವರು ಪುಟ ತಿರುವಬಹುದು. ಸ್ವಾಮಿ, ಆ ಕಾಲ ಹೋಯಿತು. ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರಿನಲ್ಲಿ ತೆರೆಯಿತು; ಶಿವಮೊಗ್ಗದ್ದು 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಹುಬ್ಬಳ್ಳಿ, ಮಂಗಳೂರು, ಬೆಳಗಾವಿಗಳಿಂದ ಮುಂಬಯಿಗೋ ದಿಲ್ಲಿಗೋ ಹೊರಟ ವಿಮಾನದಲ್ಲಿ ಇಂದು ಕುಳಿತಿರುವವರು ಯಾರು? ಮಗನ ಮನೆಗೆ ಬಾಣಂತನಕ್ಕೆ ಹೊರಟ ತಾಯಂದಿರು, ಔಷಧದ ಚೀಲ ಹಿಡಿದ ನಿವೃತ್ತ ಮಾಸ್ತರರು, ಮೊದಲ ಸಲ ಊರು ಬಿಟ್ಟ ಹುಡುಗರು. ಹೊರನಾಡಿನಲ್ಲಿ ನೆಲೆಸಿದ ನಮಗಂತೂ ವಿಮಾನ ಒಂದು ದುಃಖದ ಅನಿವಾರ್ಯವೂ ಹೌದು. ತಂದೆಗೆ ಉಸಿರಾಟ ಹತ್ತಿಲ್ಲವೆಂದು ರಾತ್ರಿ ಫೋನು ಬಂದರೆ ದಿಲ್ಲಿಯಲ್ಲಿರುವ ಮಗ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಊರು ಸೇರಲಾದೀತೆ? ಅವನು ಬೆಳಗಿನ ಮೊದಲ ವಿಮಾನವನ್ನೇ ಹಿಡಿಯಬೇಕು. ಆ ಹೊತ್ತಿನಲ್ಲಿ ಅವನಿಗೆ ವಾದ ಮಾಡುವ ತ್ರಾಣವಿರುವುದಿಲ್ಲ. ಯಾರು ಏನು ಹೇಳಿದರೂ ತಲೆ ಬಾಗಿಸಿ ಮುಂದೆ ಹೋಗುತ್ತಾನೆ. ಹಕ್ಕು ಎಂಬುದು ಹೆಚ್ಚು ಬೇಕಾಗುವುದು ಇಂಥವನಿಗೇ.

ಭದ್ರತೆ ಬೇಕೆಂಬುದಕ್ಕೆ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1971ರ ಜನವರಿಯಲ್ಲಿ ‘ಗಂಗಾ’ ವಿಮಾನವನ್ನು ಲಾಹೋರಿಗೆ ಒಯ್ದದ್ದು ನಮ್ಮ ಹಿರಿಯರಿಗೆ ನೆನಪಿದೆ. 1976ರ ಸೆಪ್ಟೆಂಬರಿನಲ್ಲಿ ಮತ್ತೊಂದು ವಿಮಾನದ ಅಪಹರಣವಾದ ಮೇಲೆ ಪಾಂಡೆ ಸಮಿತಿ ಕುಳಿತಿತು. ಅದರ ಶಿಫಾರಸಿನಂತೆ 1978ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಭದ್ರತೆಗೆಂದು ಒಂದು ಘಟಕ ಹುಟ್ಟಿತು. 1985ರ ಜೂನ್ 23ರಂದು ಐರ್ಲೆಂಡಿನ ಬಳಿಯ ಸಮುದ್ರದ ಮೇಲೆ ‘ಕನಿಷ್ಕ’ ಸಿಡಿದು 329 ಜನ ಸತ್ತರು. ಪ್ರಯಾಣಿಕನೇ ಹತ್ತದ ವಿಮಾನದಲ್ಲಿ ಅವನ ಪೆಟ್ಟಿಗೆ ಮಾತ್ರ ಪ್ರಯಾಣ ಮಾಡಿತ್ತು. ಬಾಂಬು ಇದ್ದದ್ದು ಅದರಲ್ಲಿ. ಆ ದುರಂತದ ಫಲವಾಗಿ 1987ರ ಏಪ್ರಿಲ್ 1ರಿಂದ ಆ ಘಟಕವೇ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಎಂಬ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನ ಕಂದಹಾರದಲ್ಲಿ ನಿಂತು ದೇಶವೇ ತಲೆ ತಗ್ಗಿಸಿದ ನಂತರ, 2000ದ ಫೆಬ್ರವರಿಯಲ್ಲಿ ಜೈಪುರದಿಂದ ಆರಂಭಿಸಿ ನಿಲ್ದಾಣಗಳ ಕಾವಲು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಕೈಗೆ ಬಂತು. ನಮ್ಮ ಮಂಗಳೂರಿನಲ್ಲೇ 2020ರ ಜನವರಿ 20ರಂದು ನಿಲ್ದಾಣದಲ್ಲಿ ಸ್ಫೋಟಕವಿದ್ದ ಚೀಲವೊಂದು ಸಿಕ್ಕಿತು. ಅದನ್ನು ಗುರುತಿಸಿದವರು ಇದೇ ಪಡೆಯವರು. ಅವರ ಎಚ್ಚರಕ್ಕೆ ನಾವು ಕೃತಜ್ಞರು.

ಹಾಗಾದರೆ ನಿಮ್ಮ ದೂರೇನು ಎಂದು ಕೇಳಬಹುದು. ಹೇಳುತ್ತೇವೆ.

ಕೇಂದ್ರ ಸರಕಾರದ ಕಚೇರಿಗಳಲ್ಲಿ ಗುಮಾಸ್ತಗಿರಿ ಮಾಡಿಕೊಂಡು ಬಂದಿರುವ ನಮಗೆ ಒಂದು ಅಭ್ಯಾಸ ಬೇರೂರಿದೆ. ಹತ್ತು ರೂಪಾಯಿಯ ಬಿಲ್ಲು ಪಾಸಾಗಬೇಕಾದರೂ ಯಾವ ನಿಯಮದಡಿ, ಯಾವ ದಿನಾಂಕದ ಯಾವ ಸಂಖ್ಯೆಯ ಆದೇಶದಂತೆ ಎಂದು ಕಡತದಲ್ಲಿ ಬರೆಯಬೇಕು. ಬರೆಯದಿದ್ದರೆ ಆಡಿಟ್‌ನವರು ಬಿಡುವುದಿಲ್ಲ. ಮೇಲಧಿಕಾರಿ ಬಾಯಿಮಾತಿನಲ್ಲಿ ಹೇಳಿದರು ಎಂಬುದು ಉತ್ತರವಲ್ಲ. ಸರಕಾರದ ಹತ್ತು ರೂಪಾಯಿಗೆ ಇಷ್ಟು ಕಾವಲಿದೆ. ಅದೇ ಸರಕಾರ ನಾಗರಿಕನ ಮೈಮೇಲೆ ಕೈ ಇಡುವಾಗ ಬಾಯಿಮಾತು ಸಾಕಾಗುತ್ತದೆ! ‘ಬೆಲ್ಟು ತೆಗೆ’, ‘ಬೂಟು ಬಿಚ್ಚು’, ‘ಆ ಡಬ್ಬಿ ಇಲ್ಲೇ ಬಿಡು’, ‘ಪಕ್ಕಕ್ಕೆ ನಿಲ್ಲು’. ಒಂದು ನಿಲ್ದಾಣದಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯುವುದಿಲ್ಲ. ಹೋಗುವಾಗ ಬಿಟ್ಟ ಉಪ್ಪಿನಕಾಯಿಯನ್ನು ಬರುವಾಗ ಕಸದ ಬುಟ್ಟಿಗೆ ಹಾಕಿಸುತ್ತಾರೆ. ಏಕೆಂದು ಕೇಳಿದರೆ ‘ರೂಲ್ಸು’ ಎನ್ನುತ್ತಾರೆ. ಯಾವ ರೂಲು ಎಂದು ಮರುಪ್ರಶ್ನೆ ಹಾಕಿದವನ ಚೀಲ ಮತ್ತೊಮ್ಮೆ ಯಂತ್ರದೊಳಗೆ ಹೋಗುತ್ತದೆ.

ಪ್ರಕಟವಾಗದ ನಿಯಮ ನಿಯಮವೇ ಅಲ್ಲ ಎಂಬುದು ನಮ್ಮ ಸ್ವಂತ ಸಿದ್ಧಾಂತವಲ್ಲ. ಸಂವಿಧಾನ ಜಾರಿಗೆ ಬಂದ ಮರುವರ್ಷವೇ, 1951ರಲ್ಲಿ, ಸರ್ವೋಚ್ಚ ನ್ಯಾಯಾಲಯ ಹರ್ಲಾ ಎಂಬವನ ಮೊಕದ್ದಮೆಯಲ್ಲಿ ಇದನ್ನು ಹೇಳಿತು. ಹಿಂದಿನ ಜೈಪುರ ಸಂಸ್ಥಾನದ ಮಂತ್ರಿಮಂಡಲ 1923ರಲ್ಲಿ ಅಫೀಮಿನ ಬಗ್ಗೆ ಒಂದು ಕಾಯಿದೆಯನ್ನು ಠರಾವಿನ ಮೂಲಕ ಮಾಡಿ ಕಡತದಲ್ಲಿ ಇಟ್ಟಿತು, ಪ್ರಜೆಗಳಿಗೆ ತಿಳಿಸಲಿಲ್ಲ. ಅದರಡಿ ಹರ್ಲಾನಿಗೆ ಐವತ್ತು ರೂಪಾಯಿ ದಂಡ ಬಿತ್ತು. ಜನರಿಗೆ ತಿಳಿಯುವಂತೆ ಪ್ರಕಟಿಸದ ಕಾಯಿದೆಯ ಹೆಸರಿನಲ್ಲಿ ಯಾರನ್ನೂ ಶಿಕ್ಷಿಸುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ನ್ಯಾಯಮೂರ್ತಿ ವಿವಿಯನ್ ಬೋಸ್ ತೀರ್ಪು ಬರೆದು ದಂಡವನ್ನು ರದ್ದುಮಾಡಿದರು. ಐವತ್ತು ರೂಪಾಯಿಯ ದಂಡಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯ ಇಷ್ಟು ತಲೆ ಕೆಡಿಸಿಕೊಂಡಿತು ಎಂಬುದನ್ನು ಇಂದಿನವರು ಸ್ವಲ್ಪ ಯೋಚಿಸಬೇಕು.

ಆಮೇಲೆ 1978ರ ಜನವರಿಯಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಮೊಕದ್ದಮೆ ಬಂತು. ತುರ್ತುಪರಿಸ್ಥಿತಿ ಮುಗಿದು ಒಂದು ವರ್ಷವೂ ತುಂಬಿರಲಿಲ್ಲ. ಕಾರಣವನ್ನೂ ತಿಳಿಸದೆ ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕಿದ್ದು ಅಲ್ಲಿನ ಪ್ರಶ್ನೆ. ಸಂವಿಧಾನದ 21ನೆಯ ವಿಧಿ ‘ಕಾಯಿದೆ ಗೊತ್ತುಪಡಿಸಿದ ಕಾರ್ಯವಿಧಾನ’ ಎಂದು ಹೇಳುವಾಗ ಆ ಕಾರ್ಯವಿಧಾನ ಹೇಗಿದ್ದರೂ ಸಾಕು ಎಂದರ್ಥವಲ್ಲ. ಅದು ನ್ಯಾಯವಾಗಿರಬೇಕು, ಯುಕ್ತವಾಗಿರಬೇಕು, ಮನಬಂದಂತೆ ಇರಕೂಡದು ಎಂದು ನ್ಯಾಯಾಲಯ ಸಾರಿತು. ನಮ್ಮ ಇಡೀ ವಾದ ನಿಂತಿರುವುದು ಈ ಒಂದು ಮಾತಿನ ಮೇಲೆ.

ಮೂರನೆಯದು ನಮ್ಮವರದೇ ಹೆಸರಿನಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆ ಮೊಕದ್ದಮೆಯಿಂದಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ಸರಕಾರ ಆ ಹಕ್ಕಿನೊಳಗೆ ಕೈ ಹಾಕಬಾರದೆಂದಲ್ಲ. ಆದರೆ ಅದಕ್ಕೊಂದು ಕಾಯಿದೆ ಇರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈ ಹಾಕಬೇಕು. ನೆಗಡಿ ಬಂತೆಂದು ಮೂಗು ಕೊಯ್ಯಬಾರದು ಎಂಬ ನಮ್ಮ ಗಾದೆಯನ್ನೇ ಅವರು ಕಾನೂನಿನ ಭಾಷೆಯಲ್ಲಿ ಹೇಳಿದರು ಎನ್ನಬಹುದು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರು ಗಳಿಸಿಕೊಟ್ಟದ್ದನ್ನು ಬಳಸಿಕೊಳ್ಳುವ ಧೈರ್ಯ ನಮಗಿದೆಯೇ ಎಂಬುದು ಉಳಿದಿರುವ ಪ್ರಶ್ನೆ.

ಈಗ ಈ ಮೂರು ತೀರ್ಪುಗಳನ್ನು ಕೈಯಲ್ಲಿ ಹಿಡಿದು ತಪಾಸಣೆಯ ಬಾಗಿಲಿಗೆ ಬರೋಣ. ಆ ಬಾಗಿಲಿನ ಚೌಕಟ್ಟಿನಲ್ಲಿ ತಂತಿಯ ಸುರುಳಿಗಳಿವೆ. ಅವುಗಳಲ್ಲಿ ಬದಲಾಗುತ್ತ ಹರಿಯುವ ವಿದ್ಯುತ್ತು ಒಂದು ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಲೋಹ ಅದರೊಳಗೆ ಹಾದಾಗ ಲೋಹದಲ್ಲೂ ಸುಳಿಯಂತಹ ವಿದ್ಯುತ್ತು ಎದ್ದು ಆ ಕ್ಷೇತ್ರವನ್ನು ಕದಡುತ್ತದೆ; ಯಂತ್ರ ಕೂಗುತ್ತದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ಯಾರಿಗೂ ಇದು ಗೊತ್ತು. ತಾಳಿಯ ಚಿನ್ನ, ಬೆಲ್ಟಿನ ಕೊಕ್ಕೆ, ಮಂಡಿಯಲ್ಲಿ ಕೂರಿಸಿದ ಲೋಹದ ಕೀಲು, ಕೊಲೆಗಾರನ ಚೂರಿ, ಇವುಗಳ ನಡುವೆ ಯಂತ್ರಕ್ಕೆ ಭೇದವಿಲ್ಲ. ಭೇದ ತಿಳಿಯಬೇಕಾದವನು ಯಂತ್ರದ ಆಚೆ ನಿಂತ ಮನುಷ್ಯ. ಮನುಷ್ಯನ ವಿವೇಚನೆಗೆ ಬಿಟ್ಟ ಕೆಲಸಕ್ಕೆ ಬರೆದ ನಿಯಮ ಬೇಡವೇ?

2021ರ ಅಕ್ಟೋಬರಿನಲ್ಲಿ ನಡೆದದ್ದನ್ನು ನೋಡಿ. ಅಪಘಾತದಲ್ಲಿ ಕಾಲು ಕಳೆದುಕೊಂಡರೂ ಕೃತಕ ಕಾಲಿನಲ್ಲೇ ನೃತ್ಯ ಮಾಡಿ ದೇಶದ ಮನ ಗೆದ್ದ ಸುಧಾ ಚಂದ್ರನ್, ತಪಾಸಣೆಯಲ್ಲಿ ಪ್ರತಿ ಸಲವೂ ತಮ್ಮ ಕಾಲನ್ನು ಕಳಚಿಸುತ್ತಾರೆ ಎಂದು ಸಾರ್ವಜನಿಕವಾಗಿ ಅತ್ತು ಹೇಳಿಕೊಂಡರು. ಭದ್ರತಾ ಪಡೆ ಕ್ಷಮೆ ಕೇಳಿತು. ಅದು ದೊಡ್ಡ ಗುಣ. ಆದರೆ ಕ್ಷಮೆಯ ಜೊತೆಗೆ ಬಂದ ವಿವರಣೆಯನ್ನು ಗಮನಿಸಬೇಕು. ಕೃತಕ ಅಂಗವನ್ನು ಅಪರೂಪದ ಸಂದರ್ಭಗಳಲ್ಲಿ ಮಾತ್ರ ಕಳಚಿಸಬೇಕೆಂಬುದೇ ನಿಯಮ ಎಂದು ಅವರು ತಿಳಿಸಿದರು. ಎಂದರೆ ನಿಯಮ ಇತ್ತು, ಒಳ್ಳೆಯದೂ ಇತ್ತು. ಆದರೆ ಅದು ಆಕೆಯ ಕೈಯಲ್ಲಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಣ್ಣುಮಗಳಿಗೂ ಅದು ಹೊಳೆಯಲಿಲ್ಲ. ಕಡತದಲ್ಲಿ ಮಲಗಿದ ಒಳ್ಳೆಯ ನಿಯಮದಿಂದ ಯಾರಿಗೆ ಏನು ಬಂತು? ಹೆಸರಾಂತ ಕಲಾವಿದೆಗೇ ಹೀಗಾದರೆ, ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಮ್ಮ ಊರಿನ ಅಜ್ಜಿಯ ಗತಿಯೇನು?

ಆ ಅಜ್ಜಿಗೆ ಇನ್ನೊಂದು ಕಷ್ಟವೂ ಇದೆ, ಅದು ಭಾಷೆಯದು. 2020ರ ಆಗಸ್ಟಿನಲ್ಲಿ ಚೆನ್ನೈ ನಿಲ್ದಾಣದಲ್ಲಿ ಲೋಕಸಭಾ ಸದಸ್ಯೆ ಕನಿಮೊಳಿಯವರು, ತಮಗೆ ಹಿಂದಿ ಬಾರದು, ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಮಾತಾಡಿ ಎಂದಾಗ, ನೀವು ಭಾರತೀಯರೇ ಎಂಬ ಪ್ರಶ್ನೆ ಎದುರಾಯಿತೆಂದು ಹೇಳಿದರು. ವಿಚಾರಣೆಗೆ ಆದೇಶವಾಯಿತು, ಯಾವುದೇ ಒಂದು ಭಾಷೆಗೆ ಒತ್ತಾಯಿಸುವುದು ತಮ್ಮ ನೀತಿಯಲ್ಲವೆಂದು ಪಡೆ ಹೇಳಿತು. ಇಲ್ಲಿ ನಾವು ಭಾಷೆಯ ಜಗಳ ತೆಗೆಯುತ್ತಿಲ್ಲ. ನಾಲ್ಕು ಭಾಷೆಗಳ ನಡುವೆ ಬಾಳುವ ನಮಗೆ ಹಿಂದಿಯ ಮೇಲೆ ಮುನಿಸಿಲ್ಲ. ನಮ್ಮ ಮಾತು ಇಷ್ಟೇ: ಅರ್ಥವಾಗದ ಆಜ್ಞೆಯನ್ನು ಪಾಲಿಸುವುದು ಹೇಗೆ? ಬಾಗಲಕೋಟೆಯ ಹಳ್ಳಿಯಿಂದ ಬಂದ ತಾಯಿಗೆ ‘ಚಪ್ಪಲ್ ಉತಾರೋ’ ಎಂದರೆ ತಿಳಿಯದೆ ನಿಂತರೆ, ಆ ನಿಲ್ಲುವಿಕೆ ಅವಿಧೇಯತೆಯಂತೆ ಕಾಣುತ್ತದೆ. ಅವಳ ಹಿಂದಿನ ಸಾಲು ಗೊಣಗುತ್ತದೆ. ಅವಳಿಗೆ ಅಪಮಾನವಾಗಲು ಯಾರೂ ಕೆಟ್ಟವರಾಗಿರಬೇಕಿಲ್ಲ. ಒಂದು ಕನ್ನಡದ ಫಲಕ ಇಲ್ಲದಿದ್ದರೆ ಸಾಕು.

ಬರೆದು ಪ್ರಕಟಿಸುವುದು ಆಗದ ಕೆಲಸವೆ? ಆಗುತ್ತದೆ ಎಂಬುದಕ್ಕೆ ಬ್ಯೂರೋದವರೇ ಸಾಕ್ಷಿ ಒದಗಿಸಿದ್ದಾರೆ. ಸಂವಿಧಾನದ 25ನೆಯ ವಿಧಿ ಸಿಖ್ಖರಿಗೆ ಕೃಪಾಣ ಧರಿಸುವ ಹಕ್ಕನ್ನು ಗುರುತಿಸಿದೆ. 2022ರ ಮಾರ್ಚಿನಲ್ಲಿ ಬ್ಯೂರೋ ಒಂದು ಆದೇಶ ಹೊರಡಿಸಿ, ದೇಶದೊಳಗಿನ ವಿಮಾನಗಳಲ್ಲಿ ಸಿಖ್ಖ ಪ್ರಯಾಣಿಕರು ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರದ ಕೃಪಾಣವನ್ನು ಧರಿಸಬಹುದೆಂದು ಹೇಳಿತು. ನ್ಯಾಯಾಲಯದ ಮುಂದೆ ಅದನ್ನು ಪ್ರಶ್ನಿಸಿದರೂ ನಿಂತಿತು. ನೋಡಿ, ಹಕ್ಕೂ ಉಳಿಯಿತು, ಅಳತೆಯೂ ಗೊತ್ತಾಯಿತು, ಬಾಗಿಲಲ್ಲಿ ವಾಗ್ವಾದಕ್ಕೆ ಎಡೆಯೇ ಇಲ್ಲವಾಯಿತು. ಎಣ್ಣೆಯ ಅಂಶವಿರುವ ತೆಂಗಿನಕಾಯಿಯನ್ನು ಬೆಂಕಿಯ ಭಯದಿಂದ ಕೈಚೀಲದಲ್ಲಿ ಬಿಡುವುದಿಲ್ಲ. ಆದರೂ 2024ರ ಅಕ್ಟೋಬರಿನಲ್ಲಿ ಶಬರಿಮಲೆಯ ಯಾತ್ರಿಕರಿಗೆ ಇರುಮುಡಿಯ ಕಾಯಿಯನ್ನು ಒಯ್ಯಲು 2025ರ ಜನವರಿ 20ರವರೆಗೆ ಅನುಮತಿ ಕೊಟ್ಟು ಪ್ರಕಟಿಸಿದರು. ಕೃಪಾಣಕ್ಕೆ ಇಂಚಿನ ಲೆಕ್ಕ, ತೆಂಗಿನಕಾಯಿಗೆ ತಾರೀಖಿನ ಲೆಕ್ಕ ಬರೆಯಬಲ್ಲ ಇಲಾಖೆ, ಮನುಷ್ಯನ ಮೈ ಮುಟ್ಟುವುದಕ್ಕೆ ಒಂದು ಪುಟ ಬರೆದು ಬಾಗಿಲಿಗೆ ಅಂಟಿಸಲಾರದೆ?

ಇನ್ನು ಸಮಾನತೆಯ ಮಾತು. 14ನೆಯ ವಿಧಿ ಎಲ್ಲರೂ ಕಾಯಿದೆಯ ಮುಂದೆ ಸಮಾನರು ಎನ್ನುತ್ತದೆ. ಆದರೆ ತಪಾಸಣೆಯಿಂದ ವಿನಾಯಿತಿ ಪಡೆದವರ ಒಂದು ಉದ್ದನೆಯ ಪಟ್ಟಿಯಿದೆ. ರಾಷ್ಟ್ರಪತಿ, ಪ್ರಧಾನಿಗಳಿಗೆ ವಿನಾಯಿತಿ ಇರಲಿ, ಅವರ ಸುತ್ತ ಭದ್ರತೆಯವರೇ ಇರುತ್ತಾರೆ. ಉಳಿದ ದೊಡ್ಡವರಿಗೆ ಏಕೆ? 2005ರಲ್ಲಿ ರಾಜಸ್ಥಾನದ ಹೈಕೋರ್ಟು, ಹೈಕೋರ್ಟು ನ್ಯಾಯಾಧೀಶರನ್ನೂ ಆ ಪಟ್ಟಿಗೆ ಸೇರಿಸಬೇಕೆಂದು ಆಜ್ಞೆ ಮಾಡಿತು. 2016ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಭದ್ರತೆ ಪ್ರತಿಷ್ಠೆಯ ವಿಷಯವಲ್ಲ ಎಂದು ಹೇಳಿತು. ಅಬ್ದುಲ್ ಕಲಾಮರನ್ನು ನೆನೆಯಿರಿ. ಮಾಜಿ ರಾಷ್ಟ್ರಪತಿಗಳಾಗಿ ವಿನಾಯಿತಿ ಇದ್ದರೂ 2009ರ ಏಪ್ರಿಲಿನಲ್ಲಿ ದಿಲ್ಲಿ ನಿಲ್ದಾಣದಲ್ಲಿ ಅಮೆರಿಕದ ವಿಮಾನ ಕಂಪೆನಿಯೊಂದು ಅವರನ್ನು ತಡವಿ ನೋಡಿತು. ಅವರು ದೂರಲಿಲ್ಲ. ತಿಂಗಳುಗಳ ನಂತರ ಸುದ್ದಿ ಹೊರಬಿದ್ದು, ಕಂಪೆನಿ ಕ್ಷಮೆ ಕೇಳಿತು. ಸಂಸತ್ತಿನಲ್ಲಿ ಕೋಲಾಹಲವೆದ್ದಿತು. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಕಾರ್ಮಿಕರ ನಾಯಕರಾದ ಜಾರ್ಜ್ ಫರ್ನಾಂಡಿಸರನ್ನು, ಅವರು ರಕ್ಷಣಾ ಮಂತ್ರಿಯಾಗಿದ್ದಾಗಲೇ ಅಮೆರಿಕದ ನಿಲ್ದಾಣದಲ್ಲಿ ಬಟ್ಟೆ ಬಿಚ್ಚಿಸಿ ಪರೀಕ್ಷಿಸಿದರೆಂದು ಸ್ಟ್ರೋಬ್ ಟಾಲ್ಬಟ್ 2004ರ ತಮ್ಮ ಪುಸ್ತಕದಲ್ಲಿ ಬರೆದಾಗಲೂ ದೇಶ ಕೆರಳಿತು. ಕೆರಳಬೇಕಾದದ್ದೇ. ಆದರೆ ಪ್ರತಿನಿತ್ಯ ಹೆಸರಿಲ್ಲದವರಿಗೆ ಆಗುವ ಅಪಮಾನಕ್ಕೆ ಕೋಲಾಹಲ ಎಬ್ಬಿಸುವವರು ಯಾರು? ದೊಡ್ಡವರೂ ಸಾಲಿನಲ್ಲಿ ನಿಂತರೆ ಸಾಲು ತಾನಾಗಿ ಸರಿಹೋಗುತ್ತದೆ ಎಂಬುದು ನಮ್ಮ ಅನುಭವ. ಕಚೇರಿಯ ಕ್ಯಾಂಟೀನಿನಲ್ಲಿ ಕೂಡ.

ಹೊಸ ಯಂತ್ರಗಳು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಮೈಯನ್ನು ಮುಟ್ಟದೆಯೇ ನೋಡುವ ಪೂರ್ಣದೇಹ ಸ್ಕ್ಯಾನರುಗಳನ್ನು ಕೂರಿಸಬೇಕೆಂದು ಬ್ಯೂರೋ 2019ರ ಏಪ್ರಿಲಿನಲ್ಲೇ ಆದೇಶಿಸಿತು. ಅವು ಬರಲಿ. ಕೆಲವೇ ಮಿಲಿಮೀಟರಿನ ಅಲೆಗಳು ಬಟ್ಟೆಯ ಮೂಲಕ ಹಾಯ್ದು ಚರ್ಮದಿಂದ ಹಿಮ್ಮರಳುತ್ತವೆ. ಎಕ್ಸ್‌ರೇಯ ಹಾಗೆ ದೇಹವನ್ನು ಭೇದಿಸುವುದಿಲ್ಲ. ಆದರೆ ನಮ್ಮ ಮಕ್ಕಳಿರುವ ಅಮೆರಿಕದಲ್ಲಿ ಈ ಬಗೆಯ ಯಂತ್ರಗಳು ಬಂದಾಗ ಏನಾಯಿತು? ಪ್ರಯಾಣಿಕರ ಬತ್ತಲೆ ಆಕೃತಿ ತೆರೆಯ ಮೇಲೆ ಮೂಡುತ್ತಿತ್ತು. ಜನ ನ್ಯಾಯಾಲಯಕ್ಕೆ ಹೋದರು. 2011ರ ಜುಲೈನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಸ್ಕ್ಯಾನರು ಸಂವಿಧಾನ ವಿರೋಧಿಯಲ್ಲ ಎಂದಿತು. ಆದರೆ ಜನರಿಗೆ ಮುಂಚಿತವಾಗಿ ತಿಳಿಸದೆ, ಅವರ ಅಭಿಪ್ರಾಯ ಕೇಳದೆ ಇಂಥ ನಿಯಮ ತಂದದ್ದು ತಪ್ಪು, ಈಗಲಾದರೂ ಕೇಳಿ ಎಂದು ಇಲಾಖೆಗೆ ಆಜ್ಞಾಪಿಸಿತು. ಬತ್ತಲೆ ಚಿತ್ರ ತೋರಿಸುತ್ತಿದ್ದ ಯಂತ್ರಗಳನ್ನು 2013ರ ಹೊತ್ತಿಗೆ ತೆಗೆದುಹಾಕಿದರು. ಉಳಿದವು ಮನುಷ್ಯಾಕೃತಿಯ ಒಂದು ಸಾಮಾನ್ಯ ರೇಖೆಯನ್ನಷ್ಟೇ ತೋರಿಸುವಂತಾದವು. ಭದ್ರತೆಗೆ ಕುಂದು ಬರಲಿಲ್ಲ. ಬೂಟಿನಲ್ಲಿ ಬಾಂಬಿಟ್ಟು ಒಬ್ಬ ವಿಮಾನ ಹತ್ತಿದ್ದು 2001ರಲ್ಲಿ. ಆ ಭಯದಿಂದ ಎಲ್ಲರ ಬೂಟು ಬಿಚ್ಚಿಸುತ್ತಿದ್ದ ಪದ್ಧತಿಯನ್ನು ಅವರು 2025ರ ಜುಲೈನಲ್ಲಿ ಕೈಬಿಟ್ಟರು. ನಮ್ಮಲ್ಲಿಯೂ ಕೈಚೀಲದ ಚೀಟಿಗೆ ಮೊಹರು ಒತ್ತುವ ಪದ್ಧತಿಯನ್ನು 2017ರಲ್ಲಿ ದೊಡ್ಡ ನಿಲ್ದಾಣಗಳಿಂದ ಆರಂಭಿಸಿ ನಿಲ್ಲಿಸಿದರು. ಆಕಾಶ ಕಳಚಿ ಬೀಳಲಿಲ್ಲ. ನಿಯಮಗಳನ್ನು ಆಗಾಗ ಜರಡಿ ಹಿಡಿಯಬೇಕು ಎಂಬುದಕ್ಕೆ ಇಷ್ಟು ಸಾಕು.

ಈಚಿನದು ಮುಖದ ವಿಷಯ. 2022ರ ಡಿಸೆಂಬರ್ 1ರಂದು ದಿಲ್ಲಿ, ಬೆಂಗಳೂರು, ವಾರಾಣಸಿಗಳಲ್ಲಿ ‘ಡಿಜಿ ಯಾತ್ರಾ’ ಆರಂಭವಾಯಿತು. ಯಂತ್ರ ನಮ್ಮ ಮುಖವನ್ನೇ ಗುರುತಿನ ಚೀಟಿಯಾಗಿ ಓದಿ ಬಾಗಿಲು ತೆರೆಯುತ್ತದೆ. ಸೌಕರ್ಯ ನಿಜ. ಇಷ್ಟವಿದ್ದವರಿಗೆ ಮಾತ್ರ ಎಂದು ಸರಕಾರ ಹೇಳಿದೆ, ಪ್ರಯಾಣದ 24 ಗಂಟೆಗಳ ನಂತರ ನಿಲ್ದಾಣದಲ್ಲಿ ಮಾಹಿತಿ ಅಳಿಸಿಹೋಗುತ್ತದೆ ಎಂದೂ ಹೇಳಿದೆ. ಇವೆರಡೂ ಒಳ್ಳೆಯ ಮಾತುಗಳೇ. ಆದರೆ ಇದನ್ನು ನಡೆಸುವುದು ಇಲಾಖೆಯಲ್ಲ, ವಿಮಾನ ನಿಲ್ದಾಣ ಪ್ರಾಧಿಕಾರ ಮತ್ತು ಕೆಲವು ನಿಲ್ದಾಣ ಕಂಪೆನಿಗಳು ಸೇರಿ ಕಟ್ಟಿದ ಒಂದು ಲಾಭೇತರ ಸಂಸ್ಥೆ. ಮಾಹಿತಿ ಹಕ್ಕಿನ ಕಾಯಿದೆ ಅದಕ್ಕೆ ಅನ್ವಯಿಸುವುದಿಲ್ಲ ಎನ್ನುತ್ತಾರೆ. ಅಂದಮೇಲೆ ಅಳಿಸಿದರೋ ಇಲ್ಲವೋ ಎಂದು ನಾವು ತಿಳಿಯುವುದು ಹೇಗೆ? ಇನ್ನು ‘ಇಷ್ಟವಿದ್ದವರಿಗೆ’ ಎಂಬ ಮಾತು. ಮುಖ ಕೊಟ್ಟವರಿಗೆ ಖಾಲಿ ಬಾಗಿಲು, ಕೊಡದವರಿಗೆ ಮಾರುದ್ದದ ಸಾಲು ಎಂದಾದರೆ ಅದು ಇಷ್ಟವಾಗಿ ಉಳಿಯುತ್ತದೆಯೆ? ಬಾಗಿಲಲ್ಲಿ ನಿಂತ ಹುಡುಗರು ಕೇಳದೆಯೇ ಮುಖದ ಚಿತ್ರ ತೆಗೆದು ನೋಂದಾಯಿಸುತ್ತಾರೆಂಬ ದೂರುಗಳು ಪತ್ರಿಕೆಗಳಲ್ಲಿ ಬಂದಿವೆ. ಪುಟ್ಟಸ್ವಾಮಿಯವರ ಊರಾದ ಬೆಂಗಳೂರಿನಲ್ಲೇ ಇದು ಮೊದಲಿಗೆ ಶುರುವಾದದ್ದು ವಿಧಿಯ ವಿನೋದ.

ನಮ್ಮ ವಿರುದ್ಧ ಮೂರು ಆಕ್ಷೇಪಗಳು ಬರುತ್ತವೆ. ತಪ್ಪು ಮಾಡದವನಿಗೆ ಭಯವೇಕೆ ಎಂಬುದು ಮೊದಲನೆಯದು. ಹೀಗೆ ಕೇಳುವವರ ಮನೆಗೆ ಯಾರಾದರೂ ನುಗ್ಗಿ ಕಪಾಟು ತೆರೆಯಲಿ, ಅವರು ಕೇಳುವ ಮೊದಲ ಪ್ರಶ್ನೆ ‘ವಾರಂಟು ಎಲ್ಲಿ’ ಎಂಬುದೇ. ಬೇಡವಾದರೆ ರೈಲಿನಲ್ಲಿ ಹೋಗಿ ಎಂಬುದು ಎರಡನೆಯದು. ದೇಶದ ಉದ್ದಗಲಕ್ಕೂ ಸಂಚರಿಸುವ ಹಕ್ಕನ್ನು 19ನೆಯ ವಿಧಿ ಕೊಟ್ಟಿದೆ. ಯುಕ್ತವಾದ ನಿರ್ಬಂಧಕ್ಕೆ ಮಾತ್ರ ಅದು ಒಳಪಟ್ಟಿದೆ. ಸಾಯುತ್ತಿರುವ ತಂದೆಯ ಬಳಿಗೆ ಎರಡು ದಿನ ತಡವಾಗಿ ಹೋಗು ಎನ್ನುವುದು ಯುಕ್ತವೆಂದು ಯಾರು ಹೇಳಿಯಾರು? ಮೂರನೆಯದು ಸ್ವಲ್ಪ ಗಟ್ಟಿಯಾದದ್ದು: ಎಲ್ಲವನ್ನೂ ಪ್ರಕಟಿಸಿದರೆ ಉಗ್ರಗಾಮಿಗೂ ತಿಳಿಯುತ್ತದಲ್ಲ? ನಾವು ಕೇಳುತ್ತಿರುವುದು ಯಂತ್ರದ ಗುಟ್ಟನ್ನಲ್ಲ. ಯಾರ ಮೇಲೆ ಯಾವಾಗ ಸಂಶಯ ಪಡುತ್ತೀರಿ ಎಂಬುದೂ ನಮಗೆ ಬೇಡ. ಪ್ರಯಾಣಿಕನ ಹಕ್ಕು ಏನು ಎಂಬುದನ್ನು ಪ್ರಕಟಿಸಿ. ಹೆಣ್ಣುಮಗಳನ್ನು ಪರದೆಯ ಹಿಂದೆ ಹೆಣ್ಣುಮಗಳೇ ಪರೀಕ್ಷಿಸಬೇಕು ಎಂಬುದು ತಿಳಿದರೆ ಯಾವ ಉಗ್ರಗಾಮಿಗೆ ಏನು ಲಾಭ?

ಬಾಗಿಲಲ್ಲಿ ನಿಂತ ಸಿಪಾಯಿಯ ಮೇಲೆ ನಮಗೆ ಕೋಪವಿಲ್ಲ. ಅವನೂ ನಮ್ಮ ಹಾಗೆ ಊರು ಬಿಟ್ಟು ಬಂದವನು. ಗಂಟೆಗಟ್ಟಲೆ ನಿಂತು ಸಾವಿರಾರು ಮೈಗಳನ್ನು ತಡವಿ, ಒಂದು ಪಾಯಿಂಟು ತಪ್ಪಿದರೂ ಮೇಲಿನವರಿಂದ ಮೆಮೊ ಪಡೆಯುವವನು. ನಿಯಮ ಬರೆದಿದ್ದರೆ ಅವನಿಗೂ ಅದೇ ರಕ್ಷೆ. ‘ಇದು ನನ್ನ ಹಟವಲ್ಲ, ನೋಡಿ ಫಲಕ’ ಎಂದು ಅವನು ತೋರಿಸಬಹುದು. ಇಂದು ಎರಡೂ ಕಡೆಯವರು ಕತ್ತಲಲ್ಲಿ ತಡಕಾಡುತ್ತಿದ್ದಾರೆ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದು, ತಪಾಸಣೆಯ ಸಾಲು ಆರಂಭವಾಗುವ ಕಡೆಯೇ ಹಿಂದಿ, ಇಂಗ್ಲಿಷು ಮತ್ತು ಆ ರಾಜ್ಯದ ಭಾಷೆಯಲ್ಲಿ ಒಂದು ಪುಟದ ಫಲಕವಿರಲಿ. ಏನನ್ನು ಕೇಳಬಹುದು, ಏನನ್ನು ಕೇಳಬಾರದು, ಮರೆಯಲ್ಲಿ ಪರೀಕ್ಷಿಸಲು ಕೋರುವ ಹಕ್ಕು ಯಾರಿಗಿದೆ, ಕೃತಕ ಅಂಗ, ಹೃದಯದ ಯಂತ್ರ, ಧಾರ್ಮಿಕ ಚಿಹ್ನೆಗಳ ಬಗ್ಗೆ ನಿಯಮವೇನು ಎಂಬುದು ಅದರಲ್ಲಿರಲಿ. ಎರಡು, ಸಾಮಾನ್ಯಕ್ಕಿಂತ ಹೆಚ್ಚಿನ ತಪಾಸಣೆಯಾದರೆ ಅಥವಾ ವಸ್ತು ಕಿತ್ತುಕೊಂಡರೆ, ಆದೇಶದ ಸಂಖ್ಯೆ, ಹೊತ್ತು, ಸಿಬ್ಬಂದಿಯ ಸಂಖ್ಯೆ ಬರೆದ ಚೀಟಿ ಕೊಡಲಿ. ಮೂರು, ವಿನಾಯಿತಿಯ ಪಟ್ಟಿಯನ್ನು ಕತ್ತರಿಸಲಿ. ನಾಲ್ಕು, ಮುಖ ಕೊಡದವರಿಗೂ ಅಷ್ಟೇ ಬಾಗಿಲು, ಅಷ್ಟೇ ಸಿಬ್ಬಂದಿ ಇರಲಿ. ಐದು, ದೂರಿಗೆ ನಿಗದಿತ ಅವಧಿಯೊಳಗೆ ಬರಹದಲ್ಲಿ ಉತ್ತರ ಬರಲಿ.

ಐದನೆಯದರ ಬಗ್ಗೆ ಒಂದು ಮಾತು. ಭದ್ರತಾ ಪಡೆ ಮಾಹಿತಿ ಹಕ್ಕಿನ ಕಾಯಿದೆಯಿಂದ ಹೊರಗಿದೆ ಎಂದು ಹೇಳಿ ನಿಮ್ಮನ್ನು ಹಿಂದೆ ಕಳಿಸಬಹುದು. ಅದು ಅರ್ಧ ಸತ್ಯ. ಅದೇ ಕಾಯಿದೆಯ 24ನೆಯ ಕಲಮಿನಲ್ಲಿ, ಭ್ರಷ್ಟಾಚಾರ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಗಳಿಗೆ ಸಂಬಂಧಪಟ್ಟ ಮಾಹಿತಿಗೆ ಆ ವಿನಾಯಿತಿ ಇಲ್ಲವೆಂದಿದೆ. ಮಾನವ ಹಕ್ಕಿನ ವಿಷಯವಾದರೆ ಕೇಂದ್ರ ಮಾಹಿತಿ ಆಯೋಗದ ಒಪ್ಪಿಗೆಯೊಂದಿಗೆ 45 ದಿನಗಳಲ್ಲಿ ಕೊಡಬೇಕು. ಸಂಘದ ಸದಸ್ಯರು ಇದನ್ನು ಬರೆದಿಟ್ಟುಕೊಳ್ಳಿ.

ಕೊನೆಯದಾಗಿ ನಮ್ಮ ಸಂಘಗಳಿಗೆ ಒಂದು ಸಲಹೆ. ರಾಜ್ಯೋತ್ಸವ, ಯಕ್ಷಗಾನ, ದಾಸರ ಪದಗಳ ಜೊತೆಗೆ ಈ ಕೆಲಸವನ್ನೂ ಎತ್ತಿಕೊಳ್ಳಬಾರದೇಕೆ? ಮೊದಲ ಸಲ ವಿಮಾನ ಹತ್ತುವ ಹಿರಿಯರ ಕೈಗೆ ಕೊಡಲು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಬಹುದು. ಬೆನ್ನ ಕಡೆ ಹಿಂದಿ, ಇಂಗ್ಲಿಷಿನಲ್ಲಿ ‘ಇವರಿಗೆ ಕನ್ನಡ ಮಾತ್ರ ಬರುತ್ತದೆ, ಮಂಡಿಯಲ್ಲಿ ಲೋಹವಿದೆ, ದಯವಿಟ್ಟು ಕುಳಿತಲ್ಲೇ ಪರೀಕ್ಷಿಸಿ’ ಎಂಬಂತೆ ಅವರವರಿಗೆ ಬೇಕಾದದ್ದನ್ನು ಬರೆದುಕೊಡಬಹುದು. ಸದಸ್ಯರ ದೂರುಗಳನ್ನು ತಾರೀಖು, ಹೊತ್ತು, ಬಾಗಿಲಿನ ಸಂಖ್ಯೆ ಸಹಿತ ಒಂದು ರಿಜಿಸ್ಟರಿನಲ್ಲಿ ಬರೆದು, ಆರು ತಿಂಗಳಿಗೊಮ್ಮೆ ಬ್ಯೂರೋಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಕಳಿಸಬಹುದು. ಒಬ್ಬನ ದೂರು ಗೊಣಗಾಟ. ಐವತ್ತು ಜನರ ದೂರು ಕಡತ. ಕಡತಕ್ಕೆ ಸರಕಾರ ಉತ್ತರ ಕೊಡಲೇಬೇಕಾಗುತ್ತದೆ. ಇದು ನಮ್ಮ ಉದ್ಯೋಗ ನಮಗೆ ಕಲಿಸಿದ ಪಾಠ. ಆ ರಿಜಿಸ್ಟರನ್ನು ಮುಂದಿನ ಕಾರ್ಯಕಾರಿ ಸಭೆಯಲ್ಲೇ ತೆರೆಯಲಿ.